ದಿನಕ್ಕೆ ಎಷ್ಟು ಬೋಣಿ

ಚಿಲ್ಲರೆ ಎಂಬ ಮಾತು ಕೇಳಿದರೆ ಇವತ್ತಿಗೂ ನನ್ನ ಹಲ್ಲು ಬಿಗಿಯುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ರೈಲ್ವೆ ಟಿಕೆಟ್ ಕಿಂಡಿಯ ಹಿಂದೆ ಕುಳಿತು ಹಣ್ಣಾದವನು ನಾನು. ಮೊದಲು ವಾಡಿಯಲ್ಲಿ, ಆಮೇಲೆ ಬೇಗಂಪೇಟೆಯಲ್ಲಿ, ಕೊನೆಗೆ ಮಲ್ಕಾಜ್‌ಗಿರಿಯಲ್ಲಿ. ಹತ್ತು ರೂಪಾಯಿಯ ಟಿಕೆಟ್ಟಿಗೆ ಐನೂರರ ನೋಟು ತೂರಿಸಿ, ರೈಲು ಬಂತು ಬೇಗ ಕೊಡಿ ಎಂದು ನನ್ನನ್ನೇ ಗದರಿಸುವ ಜನರನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಬೈದಿದ್ದೇನೆ. ನಿವೃತ್ತನಾದ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ ಹಾರ ಹಾಕಿದರು. ಒಬ್ಬ ಮಾತ್ರ ತಮಾಷೆಗೆ ಪುಟ್ಟ ಚೀಲವೊಂದರ ತುಂಬ ಒಂದೊಂದು ರೂಪಾಯಿಯ ನಾಣ್ಯ ತುಂಬಿ ಕೊಟ್ಟ. ಎಲ್ಲರೂ ನಕ್ಕರು. ನಾನು ಆ ಚೀಲವನ್ನು ಮನೆಗೆ ಒಯ್ಯಲಿಲ್ಲ, ಸ್ಟೇಷನ್ ಮುಂದಿನ ಹನುಮಪ್ಪನ ಹುಂಡಿಗೆ ಸುರಿದು ಬಂದೆ.

ಇಂಥ ನನಗೆ ಮೊಬೈಲಿನಲ್ಲಿ ದುಡ್ಡು ಕೊಡುವ ವಿದ್ಯೆ ಬಂದದ್ದು ಕೊರೋನಾ ಕಾಲದಲ್ಲಿ. ನೋಟು ಮುಟ್ಟಿದರೆ ರೋಗ ಬರುತ್ತದೆಂದು ಹೆದರಿ ಜನ ನೋಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಿದ್ದ ದಿನಗಳವು. ಮಗಳು ಫೋನಿನಲ್ಲೇ ಒಂದೊಂದು ಹೆಜ್ಜೆಯಾಗಿ ಹೇಳಿಕೊಟ್ಟಳು. ಮೊದಲ ಸಲ ಹಾಲಿನ ಅಂಗಡಿಯಲ್ಲಿ ಐವತ್ಮೂರು ರೂಪಾಯಿ ಕೊಟ್ಟೆ. ಸರಿಯಾಗಿ ಐವತ್ಮೂರು. ಎರಡು ರೂಪಾಯಿ ಇಲ್ಲ ಸಾಬ್, ಚಾಕೊಲೇಟ್ ತಗೊಳ್ಳಿ ಎನ್ನುವ ರಗಳೆ ಇಲ್ಲ. ಇಷ್ಟು ವರ್ಷ ಎಲ್ಲಿತ್ತಪ್ಪಾ ಇದು ಎಂದು ಹೊಟ್ಟೆಯುರಿಯಿತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನಾನೂ ಹಾಗೇ ಆದೆ.

ಮನೆಯಿಂದಲೇ ಶುರು ಮಾಡಿದೆ. ಹೆಂಡತಿಯ ಮೊಬೈಲಿಗೂ ಅದನ್ನು ಹಾಕಿ, ನನ್ನ ಪಿಂಚಣಿ ಬರುವ ಖಾತೆಗೇ ಜೋಡಿಸಿದೆ. ತಿಂಗಳ ಮೊದಲ ದಿನ ಅವಳ ಕೈಗೆ ಮನೆಖರ್ಚಿನ ನೋಟು ಕೊಡುವ ಪದ್ಧತಿ ಅಲ್ಲಿಗೆ ನಿಂತಿತು. ಅವಳು ಒಂದು ಕಟ್ಟು ಕೊತ್ತಂಬರಿ ಕೊಂಡರೂ ನನ್ನ ಫೋನು ಟಿಂಗ್ ಎನ್ನುತ್ತಿತ್ತು. ಸಂಜೆ ಚಹಾ ಕುಡಿಯುತ್ತಾ, "ಇದೇನು, ನೂರಾ ಇಪ್ಪತ್ತು?" ಎಂದು ಕೇಳುತ್ತಿದ್ದೆ. ಅವಳು ಹೇಳುತ್ತಿದ್ದಳು. ನಾನೇನು ಅನುಮಾನಪಟ್ಟು ಕೇಳಿದ್ದಲ್ಲ, ಟಿಂಗ್ ಅಂದಿತು, ಕೇಳಿದೆ. ಅಷ್ಟೇ ಎಂದುಕೊಂಡಿದ್ದೆ.

ಆಮೇಲೆ ಗಲ್ಲಿಗೆ ಇಳಿದೆ. ಸ್ಟೇಷನ್ನಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಸಣ್ಣಪುಟ್ಟ ವ್ಯಾಪಾರದವರು ಹತ್ತು ಹನ್ನೆರಡು ಜನ ಕೂರುತ್ತಾರೆ. ತೆಂಗಿನಕಾಯಿಯವನು, ಸೊಪ್ಪಿನವಳು, ಮಿರ್ಚಿ ಬಜ್ಜಿಯವನು, ಚಪ್ಪಲಿ ಹೊಲಿಯುವ ಮುದುಕ. ಆಫೀಸಿಗೆ ಹೋಗುವ ಹುಡುಗ ಹುಡುಗಿಯರು ಬಂದು "ಸ್ಕ್ಯಾನರ್ ಉಂದಾ?" ಎಂದು ಕೇಳುವುದು, ಇವರು ಇಲ್ಲ ಎನ್ನುವುದು, ಅವರು ಮುಂದೆ ಹೋಗುವುದು ದಿನಾ ನಡೆಯುತ್ತಿತ್ತು. ಸ್ಕ್ಯಾನರ್ ಅಂದರೆ ಇಲ್ಲಿಯ ಮಾತಿನಲ್ಲಿ ಆ ಕಪ್ಪು ಬಿಳಿ ಚೌಕದ ಚೀಟಿ. ಮೊಬೈಲ್ ಹಿಡಿದರೆ ದುಡ್ಡು ಹೋಗುತ್ತದಲ್ಲ, ಅದು. ನಾನು ಒಬ್ಬೊಬ್ಬರ ಪಕ್ಕದಲ್ಲೂ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತು, ಅವರ ಫೋನು ಇಸಿದುಕೊಂಡು, ಎಲ್ಲರಿಗೂ ಸ್ಕ್ಯಾನರ್ ಮಾಡಿಸಿ ಕೊಟ್ಟೆ. ಒಂದು ಪೈಸೆ ತಗೊಳ್ಳಲಿಲ್ಲ. ಗಲ್ಲಿಯ ಮಕ್ಕಳು ನನ್ನನ್ನು ಸ್ಕ್ಯಾನರ್ ಅಂಕಲ್ ಎಂದು ಕರೆಯತೊಡಗಿದವು. ನಾನು ಕೇಳಿಯೂ ಕೇಳದವನ ಹಾಗೆ ನಡೆಯುತ್ತಿದ್ದೆ, ಆದರೆ ನಡಿಗೆ ನಿಧಾನ ಮಾಡುತ್ತಿದ್ದೆ.

ಹೂವಿನವಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಆ ವಿಷಯ ಮುಟ್ಟಲು ಕೈ ಬಾರದೆ.

ಗಲ್ಲಿಯ ಬಾಯಿಯಲ್ಲಿ, ಬಾಗಿಲು ಹಾಕಿದ ಒಂದು ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಅವಳು ಕೂರುತ್ತಾಳೆ. ನಾರಾಯಣಪೇಟೆ ಕಡೆಯವಳು, ಮನೆಮಾತು ನಮ್ಮದೇ. ದಿನವಿಡೀ ತೆಲುಗು, ಹಿಂದಿ ಆಡಿ ಆಡಿ ದಣಿದ ಊರಿನಲ್ಲಿ ಬೆಳಗಿನ ಮೊದಲ ಮಾತು ಕನ್ನಡದಲ್ಲಿ ಸಿಕ್ಕರೆ ಅದೊಂದು ಸುಖ. ವಾಕಿಂಗ್ ಮುಗಿಸಿ ಆರೂವರೆಗೆ ಬರುವಾಗ ಹೆಂಡತಿಯ ಪೂಜೆಗೆಂದು ಒಂದು ಮೊಳ ಮಲ್ಲಿಗೆ ಅವಳಲ್ಲೇ ಕೊಳ್ಳುತ್ತಿದ್ದೆ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಅವಳು ನನಗೆಂದೇ ಇಟ್ಟಿರುತ್ತಿದ್ದಳು. ಯಾರಾದರೂ ನನಗಿಂತ ಮೊದಲು ಬಂದರೆ ದಾರ ಬಿಚ್ಚುತ್ತಾ, ಎಲೆ ಹುಡುಕುತ್ತಾ ಅವರನ್ನು ಕಾಯಿಸುತ್ತಿದ್ದಳು.

"ನಿಮ್ಮ ಕೈಗುಣ ಭಾಳ ಚಲೋ ಐತ್ರಿ, ಅಣ್ಣಾರ," ಎನ್ನುತ್ತಿದ್ದಳು. "ನೀವು ಬೋಣಿ ಮಾಡಿದ ದಿನಾ ಹನ್ನೊಂದಕ್ಕ ಬುಟ್ಟಿ ಖಾಲಿ ನೋಡ್ರಿ."

ನಾನು ಕೊಟ್ಟ ನೋಟನ್ನು ಹೂವಿಗೆ ಮುಟ್ಟಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಸೊಂಟದ ಎಲೆಅಡಿಕೆ ಸಂಚಿಯೊಳಗೆ ಇಡುತ್ತಿದ್ದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಅಳೆದು, ಮೇಲೆ ನಾಲ್ಕು ಬೆರಳು ಕೊಸರು ಹಾಕಿ ಕೊಡುತ್ತಿದ್ದಳು. ಕಿಂಡಿಯಾಚೆಯ ಜನರಿಂದ ಮೂವತ್ತು ವರ್ಷ ಶಾಪವನ್ನೇ ಪಡೆದ ನನ್ನ ಕೈಗೂ ಒಂದು ಗುಣ ಇದೆ ಎಂದು ಹೇಳಿದವಳು ಅವಳೊಬ್ಬಳೇ.

ಅವಳ ಗಂಡ ಸ್ಟೇಷನ್ ಮುಂದಿನ ಸ್ಟ್ಯಾಂಡಿನಲ್ಲಿ ಆಟೋ ಹಾಕುತ್ತಾನೆ. ನಸುಕಿನಲ್ಲೆದ್ದು ಗುಡಿಮಲ್ಕಾಪುರದ ಹೂವಿನ ಮಾರ್ಕೆಟ್ಟಿನಿಂದ ಹೂವು ತಂದು ಕೊಡುವವನೂ ಅವನೇ. ಕುಡುಕನಲ್ಲ, ಕೈ ಎತ್ತುವವನಲ್ಲ. ಅದನ್ನು ಹೇಳಲೇಬೇಕು, ಇಲ್ಲದಿದ್ದರೆ ನನ್ನ ತಪ್ಪನ್ನು ಅವನ ತಲೆಗೆ ಕಟ್ಟಿದ ಹಾಗಾಗುತ್ತದೆ. ಒಬ್ಬಳೇ ಮಗಳು, ಡಿಗ್ರಿ ಎರಡನೇ ವರ್ಷ. ಓದಿದ್ದು ಸಾಕು, ಗಂಡು ನೋಡೋಣ ಎಂದು ಅವನ ಹಟ. ಓದಲಿ ಎಂದು ಇವಳ ಹಟ. ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದಿದ್ದರು. ಅದನ್ನು ಅವಳೇ ನನಗೆ ಹೂವು ಕಟ್ಟುತ್ತಾ ಹೇಳಿದ್ದಳು, ಬಹಳ ಜಂಬದಿಂದ.

"ಹೂವಿನ ರೊಕ್ಕ ನಂದು, ಆಟೋದ ರೊಕ್ಕ ಅವರದು. ನಾ ಅದನ್ನ ಕೇಳಂಗಿಲ್ಲ, ಅವರು ಇದನ್ನ ಕೇಳಂಗಿಲ್ಲ. ಮಗಳ ಕಾಲೇಜು ಈ ಬುಟ್ಟಿ ಮ್ಯಾಲ ನಡದೈತ್ರಿ, ಅಣ್ಣಾರ."

ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದುಬಿಟ್ಟರೆ ಯಾರೂ ಬಂದು ಕೇಳುವುದಿಲ್ಲ. ಆದರೂ ಗೊತ್ತಿತ್ತು.

ಅವಳಿಗೆ ಸ್ಕ್ಯಾನರ್ ಮಾಡಿಸಲು ಹೋದದ್ದು ಒಂದು ಭಾನುವಾರ. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಇತ್ತು, ಆದರೆ ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರು ಎಂದೋ ಕಳೆದುಹೋದದ್ದು. ಬ್ಯಾಂಕಿಗೆ ಹೋಗಿ, ಅರ್ಜಿ ಕೊಟ್ಟು, ನಂಬರು ಬದಲಾಯಿಸಿ, ಕಾರ್ಡು ತಗೊಂಡು ಬರಬೇಕು. ಅವಳ ಕೈಯಲ್ಲಿದ್ದ ಫೋನೋ ಮಾತಾಡುವುದಕ್ಕೆ ಮಾತ್ರ ಬರುವಂಥದ್ದು.

"ಯಾಕ ಸುಮ್ಮನ ಅಡ್ಡಾಡ್ತೀ, ತಂಗಿ? ನಿಮ್ಮ ಯಜಮಾನರ ಫೋನಿಗೆ ಹಾಕಿಬಿಡೂಣು," ಎಂದೆ.

ಅವಳ ಕೈಯಲ್ಲಿ ಹೂವಿನ ದಾರ ನಿಂತಿತು. "ನನ್ನ ಹೆಸರಲೆ ಆಗಾಂಗಿಲ್ಲೇನ್ರಿ?"

"ಆಗ್ತೈತಿ. ಆದ್ರ ಹದಿನೈದು ದಿನ ಬೇಕು. ಇದು ಹತ್ತು ನಿಮಿಷದ ಕೆಲಸ. ಯಾರ ಫೋನಿಗೆ ಬಂದರೇನು? ಒಂದ ಮನಿ, ಒಂದ ರೊಕ್ಕ."

"ಹಂಗಂತೀರೇನು..." ಎಂದಳು. ಒಪ್ಪಿದ್ದಲ್ಲ ಅದು. ನಾನು ಒಪ್ಪಿಗೆ ಎಂದು ತಿಳಿದೆ, ಯಾಕೆಂದರೆ ಊಟದೊಳಗೆ ಇನ್ನೂ ಮೂರು ಜನರದು ಮುಗಿಸುವುದಿತ್ತು. ಸ್ಟ್ಯಾಂಡಿನಿಂದ ಗಂಡನನ್ನು ಕೂಗಿ ಕರೆದೆ. ಅವನು ಬಂದ, ಅವನಿಗೂ ಅದೇ ಮಾತು ಹೇಳಿದೆ, ಬೆರಳೊತ್ತಿದ, ಹೋದ. ಹತ್ತು ನಿಮಿಷವೂ ಬೇಕಾಗಲಿಲ್ಲ.

ಮಾರನೆಯ ವಾರ ಚೀಟಿ ಬಂತು, ನಾನೇ ಬುಟ್ಟಿಯ ಹಿಂದಿನ ಗೋಡೆಗೆ ಅಂಟಿಸಿದೆ. ಅವಳಿಗೆ ಓದಲು ಬಾರದೆಂದು, ಬಂದ ದುಡ್ಡನ್ನು ಕೂಗಿ ಹೇಳುವ ಡಬ್ಬಿಯನ್ನೂ ತರಿಸಿಕೊಟ್ಟೆ. ಮೊದಲ ಬೋಣಿ ನನ್ನದೇ. ಮೊಬೈಲ್ ಹಿಡಿದೆ, ನಲವತ್ತು ರೂಪಾಯಿ ಬಂದಿದೆ ಎಂದು ಡಬ್ಬಿ ತೆಲುಗಿನಲ್ಲಿ ಕೂಗಿತು. ಅವಳ ಕೈ ಅಭ್ಯಾಸದಂತೆ ಮುಂದೆ ಬಂದಿತ್ತು. ಆ ಕೈಗೆ ಏನೂ ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ಪಾರ್ಕಿನ ಬೆಂಚಿನಲ್ಲಿ ಕೂರುವ ನಮ್ಮ ಪಿಂಚಣಿದಾರರ ಗುಂಪಿಗೆ ಅದನ್ನು ಅಭಿನಯ ಮಾಡಿ ತೋರಿಸಿದೆ. ಡಬ್ಬಿಗೆ ನಮಸ್ಕಾರ ಮಾಡಿದ ಹೂವಿನವಳು ಎಂದು ಅವರು ಎಷ್ಟೋ ದಿನ ನಕ್ಕರು.

ಒಂದೆರಡು ತಿಂಗಳಲ್ಲಿ ಗಲ್ಲಿಯಲ್ಲಿ ನೋಟು ಕಾಣೆಯಾಯಿತು. ಹತ್ತು ರೂಪಾಯಿಯ ಕರಿಬೇವಿಗೂ ಮೊಬೈಲೇ. ಹೂವಿನವಳ ಡಬ್ಬಿ ಬೆಳಗ್ಗೆಯಿಂದ ಕೂಗುತ್ತಲೇ ಇರುತ್ತಿತ್ತು. ನಾನು ಬಾಲ್ಕನಿಯಲ್ಲಿ ಪೇಪರ್ ಓದುತ್ತಾ ಅದನ್ನು ಕೇಳಿ ಹಿಗ್ಗುತ್ತಿದ್ದೆ. ಎಷ್ಟು ವ್ಯಾಪಾರ ಪಾಪ, ನನ್ನಿಂದ.

ಕಣ್ಣಿದ್ದವನಿಗೆ ಕಾಣಬೇಕಾದದ್ದು ಬೇಕಾದಷ್ಟಿತ್ತು. ಕೆಟಲಿನಲ್ಲಿ ಚಹಾ ಮಾರುತ್ತಾ ಬರುವವನನ್ನು ಮೊದಲು ಅವಳೇ ಕೂಗಿ ಕರೆಯುತ್ತಿದ್ದಳು. ಈಗ ಅವನೇ ಎದುರಿಗೆ ನಿಂತರೂ ತಲೆ ಅಲ್ಲಾಡಿಸುತ್ತಿದ್ದಳು. ಉಳಿತಾಯ ಕಲಿತಳು ಎಂದುಕೊಂಡೆ. ಸೊಂಟದ ಸಂಚಿ ಚಪ್ಪಟೆಯಾಗಿತ್ತು. ನೋಟಿನ ಕಾಟ ತಪ್ಪಿತು ಎಂದುಕೊಂಡೆ. ಒಂದು ಬೆಳಗ್ಗೆ ಅವಳು ತಗ್ಗಿದ ದನಿಯಲ್ಲಿ, "ಅಣ್ಣಾರ, ಬೋಣಿಗಷ್ಟ ನೋಟು ಕೊಡ್ರಿ. ನೋಟಿನ ಬೋಣಿ ಚಲೋ ಇರತೈತಿ," ಎಂದಳು.

ನನಗೆ ಸಿಟ್ಟು ಬಂತು. ನಾನೇ ಓಡಾಡಿ ಮಾಡಿಸಿಕೊಟ್ಟ ಸ್ಕ್ಯಾನರ್ ಇರುವಾಗ, ನನ್ನ ಹತ್ತಿರವೇ ನೋಟು ಕೇಳುವುದೆಂದರೆ! ಕಾಲ ಬದಲಾಗಿದೆ, ಮೂಢನಂಬಿಕೆ ಬಿಡಬೇಕು ಎಂದೆಲ್ಲ ಐದು ನಿಮಿಷ ಉಪದೇಶ ಮಾಡಿದೆ. ಕಿಸೆಯಲ್ಲಿ ನೂರರ ನೋಟಿತ್ತು, ಆದರೂ ಮೊಬೈಲನ್ನೇ ಹಿಡಿದೆ. ಡಬ್ಬಿ ಕೂಗಿತು. ಅವಳು ಮತ್ತೆ ಯಾವತ್ತೂ ನನ್ನನ್ನು ಕೇಳಲಿಲ್ಲ.

ನನ್ನ ಹೆಂಡತಿ ಮಾತ್ರ ಸಂಜೆ ಹೂವಿಗೆ ಹೋಗುವಾಗ ನೋಟೇ ಒಯ್ಯುತ್ತಿದ್ದಳು. ಅದಕ್ಕೆಂದೇ ನನ್ನ ಕಾರ್ಡು ಇಸಿದುಕೊಂಡು ಎಟಿಎಂಗೆ ಹೋಗುತ್ತಿದ್ದಳು. "ಹೂವಿಗೆ ಎಟಿಎಂ! ನಿನ್ನನ್ನ ತಿದ್ದಾಕ ಆ ಬ್ರಹ್ಮ ಬರಬೇಕು," ಎಂದು ಚೇಷ್ಟೆ ಮಾಡುತ್ತಿದ್ದೆ. ಅವಳು ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಡುತ್ತಿದ್ದಳು.

ಆ ಶ್ರಾವಣ ಶುಕ್ರವಾರ ಗಲ್ಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹತ್ತೂವರೆ ಆಗಿತ್ತು. ಬೆಳಗ್ಗೆ ತಂದ ಹೂವು ಸಾಲದೆಂದು ಹೆಂಡತಿ ಮತ್ತೆ ಕಳಿಸಿದ್ದಳು. ಅರಿಸಿನ ಸೀರೆ ಉಟ್ಟ ಒಬ್ಬ ಹುಡುಗಿ ಹೂವಿನವಳ ಎದುರಿಗೆ ಮೊಬೈಲ್ ಹಿಡಿದು ನಿಂತಿದ್ದಳು. ಮೈಸೂರು ಕಡೆಯ ಮಾತು, ಇಲ್ಲೆಲ್ಲೋ ಬಾಡಿಗೆಗಿದ್ದು ಕೆಲಸಕ್ಕೆ ಹೋಗುವವಳು.

"ಬೋಣಿ ಐತ್ರಿ ಅಕ್ಕಾರ, ನೋಟು ಇದ್ರ ಕೊಡ್ರಿ," ಎನ್ನುತ್ತಿದ್ದಳು ಹೂವಿನವಳು.

"ಅಯ್ಯೋ, ನನ್ನತ್ರ ಕ್ಯಾಶ್ ಇಲ್ವಲ್ಲಮ್ಮಾ," ಎನ್ನುತ್ತಾ ಹುಡುಗಿ ಪರ್ಸಿನ ಮೂಲೆ ಮೂಲೆ ತಡಕಾಡುತ್ತಿದ್ದಳು. ಬೋಣಿ ಅಂದಮೇಲೆ ಇಲ್ಲ ಎಂದು ಹೋಗಲು ಅವಳಿಗೂ ಮನಸ್ಸಿಲ್ಲ.

ಬೋಣಿ! ಆರೂವರೆಗೆ ನಾನೇ ಮಾಡಿದ್ದೆ. ನಾಲ್ಕು ಗಂಟೆಯ ಹಿಂದೆ. ಕಿಂಡಿಯಲ್ಲಿ ಕುಳಿತಾಗ ಹಳೆಯ ಟಿಕೆಟ್ ತೋರಿಸಿ ಹೊಸದು ಅನ್ನುವವರನ್ನು ಹಿಡಿದಾಗ ಮೈಯಲ್ಲಿ ಏರುತ್ತಿದ್ದ ಉಮೇದು ಏರಿತು.

"ಏನ ತಂಗಿ, ದಿನಕ್ಕ ಎಷ್ಟು ಬೋಣಿ ನಿಂದು?" ಎಂದೆ. ದನಿ ತಗ್ಗಿಸಲಿಲ್ಲ. "ಮುಂಜಾನೆ ಆರೂವರಿಗೆ ನಾ ಮಾಡಿದ್ದು ಏನು ಹಂಗಾದ್ರ? ಸಂಜಿತನಾ ಬೋಣಿನಽ ಮಾಡ್ತೀ?"

ಅವಳು ತಲೆ ಎತ್ತಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ತೆಂಗಿನಕಾಯಿಯವನು ಏನಾಯಿತು ಎಂದ. ನಾನು ಅವನಿಗೆ ತಿಳಿಯಲೆಂದು ಅದನ್ನೇ ತೆಲುಗಿನಲ್ಲಿ ಹೇಳಿದೆ. ಅವನು ಹೋ ಎಂದು ನಕ್ಕ. ಸೊಪ್ಪಿನವಳು ನಕ್ಕಳು. ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಹೋದ ಸಲ ನನಗೂ ಬೋಣಿ ಅಂತಲೇ ಅಂದಿದ್ದಳು," ಎಂದರು. ಜನ ನಗುತ್ತಿದ್ದಾರೆಂದರೆ ನಾನು ಸರಿ ಎಂದೇ ಅರ್ಥ ಎಂದು ಆ ಕ್ಷಣದಲ್ಲಿ ಅನ್ನಿಸಿತ್ತು.

ಗದ್ದಲ ಕೇಳಿ ಸ್ಟ್ಯಾಂಡಿನಿಂದ ಅವಳ ಗಂಡ ಬಂದ. "ಏನಾತ್ರಿ ಸಾಹೇಬ್ರ?" ಎಂದು ಕೇಳಿದ್ದು ನನ್ನನ್ನು.

ನಾನು ಹೇಳಿದೆ. ಅವಳ ಗಂಡನಿಗೆ, ನನ್ನ ಬಾಯಿಂದ ನಾನೇ ಹೇಳಿದೆ. "ನೋಡಪ್ಪಾ, ನಿನ್ನ ಹೇಣ್ತಿ ಬೋಣಿ ಬೋಣಿ ಅಂತ ಸುಳ್ಳು ಹೇಳಿ ಎಲ್ಲಾರ ಕಡೆ ನೋಟು ಇಸಗೊಳ್ಳಾಕತ್ತಾಳ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಜನ ಅವಳ ಪರ ನಿಲ್ಲುತ್ತಿದ್ದರೋ ಏನೋ. ಪೆಚ್ಚಾಗಿ ನಕ್ಕು, ಅವಳ ಮುಂದೆ ಕೈ ಚಾಚಿ, "ತಾ ಇಲ್ಲೆ. ಹಬ್ಬದ ಖರ್ಚು ಐತಿ," ಎಂದ. ಅವಳು ಸೊಂಟದ ಸಂಚಿ ತೆಗೆದು ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಕೆಳಗೆ ಸಣ್ಣಗೆ ಮಡಿಚಿದ ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಒತ್ತೊತ್ತಾಗಿ ಇದ್ದವು. ಒಂದು ದಿನದವಲ್ಲ, ನೋಡಿದರೆ ತಿಳಿಯುತ್ತಿತ್ತು. ಅವನು ಎಲ್ಲವನ್ನೂ ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿ, ನನಗೊಂದು ನಮಸ್ಕಾರ ಮಾಡಿ ಹೋದ.

ಅವಳು ಸಂಚಿಗೆ ಮತ್ತೆ ದಾರ ಬಿಗಿದು, ಆಗ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಆಮೇಲೆ ಆ ಹುಡುಗಿಯ ಕಡೆ ತಿರುಗಿ, "ಹೊಡೀರಿ ಅಕ್ಕಾರ, ಸ್ಕ್ಯಾನರ್ ಹೊಡೀರಿ," ಎಂದಳು.

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಿದ್ದು, ನಾಚಿಕೆಯಾಗುತ್ತದೆ, ಗೆದ್ದವನ ಹಾಗೆ. ಹೋಳಿಗೆ ಲಟ್ಟಿಸುತ್ತಿದ್ದಳು. ಲಟ್ಟಣಿಗೆ ನಿಂತಿತು.

"ಏನ್ರಿ ಮಾಡಿ ಬಂದ್ರಿ ನೀವು?"

ಅವಳ ದನಿ ಕೇಳಿ ನಾನು ಕುರ್ಚಿಯಲ್ಲಿ ಕೂತೆ.

"ಸೋಮವಾರ ಆ ಹುಡುಗಿ ಪರೀಕ್ಷಾ ಫೀ ಕಟ್ಟಾಕ ಕಡೀ ದಿನ," ಎಂದಳು. "ಎರಡು ತಿಂಗಳಿಂದ ಕೂಡಸಾಕತ್ತಿದ್ಲು ಆಕಿ. ಒಂದ ಖೋಲಿ ಮನಿ, ಎಲ್ಲಿ ಮುಚ್ಚಿಡಬೇಕು? ಮೈಮ್ಯಾಲ ಕಟಗೊಂಡು ಅಡ್ಡಾಡತಿದ್ಲು."

"ಗಂಡನ್ನ ಕೇಳಬೇಕಾಗಿತ್ತು."

"ಕೇಳಿದ್ಲಂತ. ಅಂವ ಏನಂದ್ನಂತ ಗೊತ್ತೇನ್ರಿ? ಹೂವಿನ ರೊಕ್ಕದಾಗ ಕಟ್ಟತೀನಿ ಅಂದಿದ್ದಿ, ಕಟ್ಟು ಅಂದ್ನಂತ. ಹೂವಿನ ರೊಕ್ಕ ಎಲ್ಲೈತಿ? ಅವನ ಫೋನಿನಾಗ. ಹಾಕಿದವರು ಯಾರು?"

ನಾನು ಕಿಸೆಯ ಫೋನು ತೆಗೆದು ಮೇಜಿನ ಮೇಲೆ ಮಗುಚಿಟ್ಟೆ.

"ಆಕಿಗೆ ನೋಟು ಕೇಳಾಕ ಬೋಣಿ ಬಿಟ್ಟರ ಬ್ಯಾರೆ ಯಾವ ನೆವ ಇತ್ತು? ನನ್ನ ರೊಕ್ಕ ನನ್ನ ಕೈಯಾಗ ಕೊಡ್ರಿ ಅಂತ ದಾರ್ಯಾಗ ಹೋಗೋರನ್ನ ಕೇಳಾಕ ಬರತೈತೇನು? ಬೋಣಿ ಅಂದ್ರ ಯಾರೂ ಇಲ್ಲ ಅನ್ನೂದಿಲ್ಲ. ಅದಕ್ಕ ಅಂತಿದ್ಲು."

"ನನಗ್ಯಾಕ ನೀ ಮೊದಲ ಹೇಳಲಿಲ್ಲ?" ಎಂದೆ. ತಪ್ಪು ಮಾಡಿದವನಿಗೆ ಮೊದಲು ಸಿಗುವುದು ಈ ಪ್ರಶ್ನೆಯೇ.

"ನೀವು ಕೇಳತಿದ್ದದ್ದು ನೂರಾ ಇಪ್ಪತ್ತು ಯಾಕಂತ. ಇದನ್ನ ಎಂದ ಕೇಳಿದ್ರಿ?" ಎಂದಳು. ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟು, ಕೈಗೆ ಅಂಟಿದ್ದ ಹಿಟ್ಟು ಉಜ್ಜುತ್ತಾ, ನನ್ನ ಕಡೆ ನೋಡದೆ ಮತ್ತೆ ಹೇಳಿದಳು. "ಹೋದ ವರ್ಷ ತಂಗಿ ಮಗಳಿಗೆ ಒಂದು ಖಣ ಉಡಿ ತುಂಬಬೇಕಂದ್ಕೊಂಡೆ. ನಿಮ್ಮ ಫೋನು ಟಿಂಗ್ ಅಂತೈತಿ, ಸಂಜೀಕ ಲೆಕ್ಕ ಕೇಳ್ತೀರಿ ಅಂತ ಬರೇ ಎಲಿಅಡಿಕಿ ಕೊಟ್ಟು ಕಳಿಸಿದೆ. ಆಕಿ ಸಂಕಟ ನನಗ ತಿಳೀದ ಯಾರಿಗೆ ತಿಳೀಬೇಕು?"

ನನ್ನ ಮನೆಯಲ್ಲಿ, ನನ್ನ ಎದುರಿಗೆ, ಒಂದು ರವಿಕೆ ಬಟ್ಟೆಗೆ ಹೆಂಡತಿ ಹೆದರಿದ್ದಳು. ಅದೂ ಹೊಡೆಯುವ ಗಂಡನಿಗಲ್ಲ, ಚಹಾ ಕುಡಿಯುತ್ತಾ ಕೇಳುವ ಗಂಡನಿಗೆ. ಆ ದಿನದ ಹೋಳಿಗೆಯನ್ನು ನಾನು ಹೇಗೆ ತಿಂದೆನೋ ನೆನಪಿಲ್ಲ. ತಿಂದದ್ದಂತೂ ನಿಜ.

ಶನಿವಾರ ಬೆಳಗ್ಗೆ ಫೀ ಆಗುವಷ್ಟು ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡು ಹೋದೆ. ಹೂವಿನವಳು ಲಕೋಟೆಯನ್ನು ಮುಟ್ಟಲಿಲ್ಲ.

"ನಿಮ್ಮ ರೊಕ್ಕ ಬ್ಯಾಡ್ರಿ, ಸಾಹೇಬ್ರ," ಎಂದಳು.

ಸಾಹೇಬ್ರ ಎಂದಳು. ಅಷ್ಟು ವರ್ಷದಲ್ಲಿ ಮೊದಲ ಸಲ.

"ತಪ್ಪಾತು ತಂಗಿ. ನನ್ನಿಂದ ಆದದ್ದು, ನಾನಽ ಕಟ್ಟತೀನಿ. ಸಾಲ ಅಂತಾದ್ರೂ ತಿಳ್ಕೋ."

"ನೀವು ಕಟ್ಟಿದ್ರ ಮನ್ಯಾಗ ಏನಂತಾರ ಹೇಳ್ರಿ? ಮಗಳನ್ನ ಓದಸಾಕ ಊರ ಮಂದಿ ಮುಂದ ಕೈ ಚಾಚಿದ್ಲು ಅಂತಾರ. ನನ್ನ ರೊಕ್ಕಲೆ ಓದಸ್ತೀನಿ ಅಂತ ನಾ ಮಾತು ಕೊಟ್ಟಿದ್ದು. ಆ ರೊಕ್ಕ ನನ್ನ ಕಡೆ ಇತ್ತು." ಅಷ್ಟು ಹೇಳಿ ಹೂವಿನ ಮೇಲೆ ನೀರು ಚಿಮುಕಿಸತೊಡಗಿದಳು.

ಸ್ಟ್ಯಾಂಡಿಗೆ ಹೋಗಿ ಗಂಡನನ್ನು ಹಿಡಿದೆ. ಹುಡುಗಿಯ ಒಂದು ವರ್ಷ ಹಾಳಾಗುತ್ತದೆ, ನಿನ್ನ ಫೋನಿನಲ್ಲಿರುವುದು ಅವಳ ದುಡಿಮೆಯೇ ಅಲ್ಲವೇ ಎಂದು ಕೇಳಿದೆ. ಅವನು ಸೀಟಿನಿಂದ ಇಳಿದು ನಿಂತು, ಮರ್ಯಾದೆಯಿಂದಲೇ ಉತ್ತರ ಕೊಟ್ಟ.

"ನಸಿಕಿನ್ಯಾಗ ಎದ್ದು ಹೂ ತರಾವ ನಾನ್ರಿ. ಮ್ಯಾಲ, ನೀವಽ ಅಂದಿದ್ರೆಲ್ಲ ಸಾಹೇಬ್ರ, ಒಂದ ಮನಿ, ಒಂದ ರೊಕ್ಕ ಅಂತ. ಈಗ ಬ್ಯಾರೆ ಬ್ಯಾರೆ ಅಂತೀರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟಿಕೆಟ್ ತಪ್ಪಾಗಿ ಕೊಟ್ಟರೆ ರದ್ದು ಮಾಡಿ ಬೇರೆ ಕೊಡಬಹುದಿತ್ತು. ಇದಕ್ಕೆ ಅಂಥ ವ್ಯವಸ್ಥೆ ಇರಲಿಲ್ಲ.

ಸೋಮವಾರ ಬಂತು, ಹೋಯಿತು. ಹುಡುಗಿ ಆ ಸಲ ಪರೀಕ್ಷೆಗೆ ಕೂರಲಿಲ್ಲ. ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಏಳಕ್ಕೆ ಊಟದ ಡಬ್ಬಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿರುವುದನ್ನು ನಾಲ್ಕಾರು ಸಲ ನೋಡಿದೆ. ನೋಡಿದಾಗೆಲ್ಲ ರಸ್ತೆಯ ಆಚೆ ಬದಿಗೆ ದಾಟಿದೆ. ಮುಂದಿನ ವರ್ಷ ಕಟ್ಟುತ್ತಾಳಂತೆ ಎಂದು ಹೆಂಡತಿ ಹೇಳಿದಳು. ಆ ಅಂತೆಯನ್ನು ಹಿಡಿದುಕೊಂಡೇ ನಾನು ಓಡಾಡುತ್ತಿದ್ದೇನೆ.

ಆಮೇಲೆ ಬ್ಯಾಂಕಿನ ಕೆಲಸ ಮಾಡಿಸಿದ್ದು ನನ್ನ ಹೆಂಡತಿ. ಹೂವಿನವಳನ್ನು ಕರೆದುಕೊಂಡು ಮೂರು ಸಲ ಹೋದಳು, ನಂಬರು ಬದಲಾಯಿಸಿದಳು, ಕಾರ್ಡು ಬರುವವರೆಗೆ ಕಾದಳು, ತನ್ನ ಹಳೆಯ ಮೊಬೈಲನ್ನೇ ಅವಳಿಗೆ ಕೊಟ್ಟಳು. ಹದಿನೈದು ದಿನ ಹಿಡಿಯುತ್ತದೆ ಎಂದು ನಾನು ಹೇಳಿದ್ದೆನಲ್ಲ, ಹನ್ನೆರಡು ದಿನದಲ್ಲಿ ಮುಗಿಯಿತು. ನಾನೂ ಬರಲೇ ಎಂದು ಮೊದಲ ದಿನ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದೆ. "ನೀವು ಬ್ಯಾಡ," ಎಂದಳು ಹೆಂಡತಿ. ಅದೇ ಓಡಾಟದಲ್ಲಿ ತನ್ನದೂ ಒಂದು ಖಾತೆ ಮಾಡಿಸಿಕೊಂಡು ಬಂದಳು. ಈಗ ತಿಂಗಳ ಮೊದಲ ದಿನ ಅದಕ್ಕೆ ಮನೆಖರ್ಚಿನ ಹಣ ಹಾಕುತ್ತೇನೆ. ನನ್ನ ಫೋನು ಟಿಂಗ್ ಎನ್ನುವುದಿಲ್ಲ. ಏನು ಕೊಂಡೆ ಎಂದು ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.

ಗೋಡೆಯ ಮೇಲೆ ನಾನು ಅಂಟಿಸಿದ್ದ ಚೀಟಿಯ ಮೇಲೆಯೇ ಹೊಸ ಚೀಟಿ ಬಂತು. ಕೂಗುವ ಡಬ್ಬಿಯನ್ನು ಅವಳು ವಾಪಸು ಮಾಡಿದಳು. ಎಷ್ಟು ಬಂತೆಂದು ಈಗ ಗಲ್ಲಿಗೆಲ್ಲ ಕೇಳಿಸುವುದಿಲ್ಲ. ಚಹಾದವನು ಬಂದರೆ ಗ್ಲಾಸು ಹಿಡಿಯುತ್ತಾಳೆ ಎಂದು ದೂರದಿಂದಲೇ ನೋಡಿ ತಿಳಿದುಕೊಂಡೆ. ಎರಡು ತಿಂಗಳು ನಾನು ವಾಕಿಂಗಿನಿಂದ ಹಿಂದಿನ ರಸ್ತೆ ಹಿಡಿದು ಸುತ್ತಿಕೊಂಡು ಬರುತ್ತಿದ್ದೆ. ಮೊಣಕಾಲು ನೋವಿನವನು ಯಾಕೆ ಅಷ್ಟು ದೂರ ಸುತ್ತುತ್ತಾನೆಂದು ಪಾರ್ಕಿನ ಗೆಳೆಯರು ಕೇಳಿದರು. ಡಾಕ್ಟರು ಹೇಳಿದ್ದಾರೆ ಎಂದೆ.

ಕೊನೆಗೆ ಒಂದು ದಿನ ಮನಸ್ಸು ಗಟ್ಟಿ ಮಾಡಿ ಹೋದೆ. ಬ್ಯಾಂಕಿನಿಂದ ತಂದ ಹೊಸ ನೋಟುಗಳನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ನೂರರದು, ಐವತ್ತರದು, ಇಪ್ಪತ್ತು, ಹತ್ತು, ಎಲ್ಲ ಬಗೆಯವು, ಅವಳಿಗೆ ಚಿಲ್ಲರೆಯ ತೊಂದರೆ ಆಗಬಾರದೆಂದು. ಆರು ಗಂಟೆಗೇ ಮುಟ್ಟಿದೆ. ಗಂಡನ ಆಟೋ ಆಗಷ್ಟೇ ತಿರುಗಿಕೊಂಡು ಹೋಗುತ್ತಿತ್ತು. ಅವಳು ಕಟ್ಟೆ ಗುಡಿಸುತ್ತಿದ್ದಳು. ಬುಟ್ಟಿಯ ಮೇಲಿನ ಹಸಿ ಗೋಣಿತಟ್ಟನ್ನು ಇನ್ನೂ ತೆಗೆದಿರಲಿಲ್ಲ. ಗಲ್ಲಿಯಲ್ಲಿ ನಾನು, ಅವಳು, ಮಲಗಿದ್ದ ಒಂದು ನಾಯಿ, ಅಷ್ಟೇ.

"ಒಂದು ಮೊಳ ಮಲ್ಲಿಗಿ ಕೊಡವ್ವಾ," ಎಂದೆ. ತಂಗಿ ಎನ್ನಲು ಬಾಯಿ ಬರಲಿಲ್ಲ. ನೋಟು ಮುಂದೆ ಹಿಡಿದು, "ಬೋಣಿ ಮಾಡ್ತೀನಿ," ಎಂದೆ.

ಅವಳು ಕಸಬರಿಗೆ ಕೆಳಗಿಟ್ಟಳು. ನನ್ನ ಮುಖ ನೋಡಿದಳು, ನೋಟು ನೋಡಿದಳು. ಬಾಗಿ, ಗೋಣಿತಟ್ಟು ಸರಿಸಿ, ದಾರದ ಉಂಡೆ ಹುಡುಕಿದಳು. ನಿಧಾನಕ್ಕೆ ಮೊಳ ಅಳೆದಳು. ಬೆರಳ ತುದಿಗೆ ಸರಿಯಾಗಿ ಕತ್ತರಿಸಿದಳು. ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ನನ್ನ ನೋಟನ್ನು ಇಸಿದುಕೊಂಡು, ಹೂವಿಗೂ ಮುಟ್ಟಿಸದೆ, ಕಣ್ಣಿಗೂ ಒತ್ತಿಕೊಳ್ಳದೆ, ಸಂಚಿಗೆ ಹಾಕಿದಳು.

"ಬೋಣಿ ಆಗೇತ್ರಿ, ಸಾಹೇಬ್ರ," ಎಂದಳು.

"ಹೌದಾ," ಎಂದೆ. ಹೂವು ತಗೊಂಡು ಮನೆಗೆ ಬಂದೆ.